ಕಿವಿಯಲ್ಲಿ ಹತ್ತಿ, ಮಡ್‌ಗಾರ್ಡ್ ಮೇಲೆ ಅಂಗೈ

ಭಾನುವಾರ. ಬೀದಿ ದೀಪಗಳು ಇನ್ನೂ ಆರಿಲ್ಲ. ಪೇಪರ್ ಹಾಕುವವನ ಸೈಕಲ್ಲು ಈಗಷ್ಟೇ ತಿರುವು ದಾಟಿದೆ. ತಗಡಿನ ಶೆಡ್ಡಿನ ಷಟರನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಗೆ ಬಂದ ಹೆಂಗಸು ಮೊದಲು ಲೈಟು ಹಾಕುವುದಿಲ್ಲ; ಮೂಲೆಯಲ್ಲಿ ನಿಂತಿರುವ ಹಳೆಯ ನೀಲಿ ಕಾರಿನ ಬಾನೆಟ್ ಮೇಲೆ ಕೈಯಿಡುತ್ತಾರೆ, ಜ್ವರ ಬಿಟ್ಟಿದೆಯೇ ಎಂದು ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ತಣ್ಣಗಿದೆ. ಅವರಿಗೆ ಬೇಕಾದದ್ದೂ ಅದೇ. ರಾತ್ರಿಯೆಲ್ಲ ಮಲಗಿದ ಎಂಜಿನ್ನು ಬೆಳಿಗ್ಗೆ ಹೇಗೆ ಏಳುತ್ತದೆ ಎನ್ನುವುದರಲ್ಲೇ ಅದರ ಆರೋಗ್ಯವೆಲ್ಲ ಇದೆಯಂತೆ. "ಒಂದ್ಸಲ ಬಿಸಿ ಆಯ್ತು ಅಂದ್ರೆ ಎಂಥ ಎಂಜಿನ್ನೂ ಸಾಧುವಿನ ಥರ ನಟನೆ ಮಾಡುತ್ತೆ," ಎನ್ನುತ್ತಾರೆ.

ಆಮೇಲೆ ಅವರು ಮಾಡುವ ಕೆಲಸ ಗೊತ್ತಿಲ್ಲದವರಿಗೆ ವಿಚಿತ್ರ ಅನ್ನಿಸಬಹುದು. ತೊಟ್ಟಿರುವ ಗಂಡನ ಹಳೇ ಶರ್ಟಿನ ಜೇಬಿನಿಂದ ಹತ್ತಿ ತೆಗೆದು, ಉಂಡೆ ಮಾಡಿ ಎರಡೂ ಕಿವಿಗೆ ಒತ್ತಿಕೊಳ್ಳುತ್ತಾರೆ. ಅದರ ಮೇಲೊಂದು ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟುತ್ತಾರೆ. ಚೋಕ್ ಎಳೆದು ಕೀ ತಿರುಗಿಸುತ್ತಾರೆ. ಕಾರು ಎರಡು ಸಲ ಕೆಮ್ಮಿ ಎದ್ದು ಕೂರುತ್ತದೆ. ಅದು ಬೆಚ್ಚಗಾಗುವವರೆಗೆ ಕಾದು, ಎಡ ಅಂಗೈಯನ್ನು ಮಡ್‌ಗಾರ್ಡ್ ಮೇಲೆ ಅಗಲವಾಗಿ ಊರಿ, ಬಲಗೈಯ ಪುಟ್ಟ ಸ್ಕ್ರೂಡ್ರೈವರಿನಿಂದ ಕಾರ್ಬೊರೇಟರಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಕಣ್ಣು ಮುಚ್ಚಿದೆ. ಹುಬ್ಬು ಗಂಟಿಕ್ಕಿದೆ. ಪರೀಕ್ಷೆಗೆ ಕೂತ ಮಗುವಿನ ಮುಖ.

ಊರಿಡೀ ಇವರನ್ನು ಕರೆಯುವುದು ಕಿವಿಯಕ್ಕ ಎಂದು. ಸರ್ಕಾರಿ ದಾಖಲೆಯಲ್ಲಿ ಬೇರೆ ಹೆಸರಿದೆಯಂತೆ, ಅದನ್ನು ಯಾರೂ ಬಳಸುವುದಿಲ್ಲ. ಕಾರ್ಬೊರೇಟರಿನ ಬಾಯಿಗೆ ಒಂದು ತುಂಡು ರಬ್ಬರ್ ಪೈಪು ಹಿಡಿದು, ಇನ್ನೊಂದು ತುದಿ ಕಿವಿಗಿಟ್ಟು, ಒಳಗೆ ಹೋಗುವ ಗಾಳಿಯ ಸದ್ದಿನಿಂದಲೇ ಎಂಜಿನ್ನಿನ ಹೊಟ್ಟೆಯ ಗುಟ್ಟು ಹೇಳುವವರು. ಕಿವಿಯಿಂದಲೇ ಹೆಸರು ಗಳಿಸಿದ ಇಂಥವರು ಬೆಳಗಾಗುವ ಮೊದಲೇ ಕಿವಿ ಮುಚ್ಚಿಕೊಂಡು ಕೂತಿರುವುದಕ್ಕೆ ಈ ನೀಲಿ ಕಾರು ಕಾರಣ. ಆ ಕತೆಗೆ ಬರುವ ಮೊದಲು ಶೆಡ್ಡನ್ನು ಸ್ವಲ್ಪ ನೋಡಬೇಕು.

ಶೆಡ್ಡಿನ ನಡುವೆ ನೆಲದ ಮೇಲೆ ಒಂದು ಬಿಳಿ ಗೆರೆ ಇದೆ. ಗೆರೆಯ ಈಚೆಗೆ ಕಿವಿಯಕ್ಕನ ರಾಜ್ಯ. ಯಾರದೋ ಬಚ್ಚಲುಮನೆ ಒಡೆದಾಗ ಸಿಕ್ಕ ಬಿಳಿ ಟೈಲ್ಸು, ಅದರ ಮೇಲೆ ಬಿಚ್ಚಿಟ್ಟ ಸಣ್ಣ ಸಣ್ಣ ಹಿತ್ತಾಳೆ ಸಾಮಾನು, ಸವೆದ ಹಲ್ಲುಜ್ಜುವ ಬ್ರಷ್ಷುಗಳು, ಊಟದ ತಟ್ಟೆಯಲ್ಲಿ ಪೆಟ್ರೋಲು. ಗೆರೆಯ ಆಚೆಗೆ ಅವರ ಗಂಡನ ರಾಜ್ಯ: ಲ್ಯಾಪ್‌ಟಾಪು, ಬಣ್ಣಬಣ್ಣದ ವೈರು, ಮೀಟರು. ಇವರು ಹಳೇ ಕಾರುಗಳ ಕಾರ್ಬೊರೇಟರ್ ಕಿತ್ತು ಫ್ಯೂಯೆಲ್ ಇಂಜೆಕ್ಷನ್ ಕೂರಿಸುವವರು. ಮೊದಲು ಟಿವಿ ರಿಪೇರಿ ಮಾಡುತ್ತಿದ್ದರು. ಟಿವಿಗಳು ರಿಪೇರಿಗೆ ಬರುವುದು ನಿಂತ ಮೇಲೆ ಈ ವಿದ್ಯೆ ಕಲಿತರು. ಅಕ್ಕನ ಗಂಡ ಆದ್ದರಿಂದ ಗಿರಾಕಿಗಳಿಗೆಲ್ಲ ಇವರು ಭಾವ.

ಎರಡು ವಿದ್ಯೆಗೂ ಕೆಲಸ ಒಂದೇ, ಎಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲನ್ನು ಹದವಾಗಿ ಬೆರೆಸಿ ಉಣಿಸುವುದು. ಕಾರ್ಬೊರೇಟರ್ ಕೈಯಳತೆಯಲ್ಲಿ ಬಡಿಸುತ್ತದೆ, ಕೈ ಯಾರದು ಎನ್ನುವುದರ ಮೇಲೆ ರುಚಿ. ಇಂಜೆಕ್ಷನ್ ಪ್ರತಿ ತುತ್ತನ್ನೂ ತೂಗಿ ಬಡಿಸುತ್ತದೆ. ಹೆಂಡತಿ ಕೈಯಳತೆಯವರು, ಗಂಡ ತಕ್ಕಡಿಯವರು. ಒಂದೇ ಸೂರಿನ ಕೆಳಗೆ ಇಂಥ ಸಂಸಾರ ಹೇಗೆ ನಡೆಯುತ್ತದೆ ಎಂದು ಕೇಳಿದರೆ ಭಾವ ನಗುತ್ತಾರೆ. "ನಡೀತಾ ಇರ್ಲಿಲ್ಲ. ಅದಕ್ಕೇ ಗೆರೆ ಎಳೆದಿದ್ದು."

ಗೆರೆಗಿಂತ ದೊಡ್ಡದು ಅವರು ಮಾಡಿಕೊಂಡಿರುವ ಕಟ್ಟಳೆ. ಹಿಂದೊಮ್ಮೆ ಒಬ್ಬ ಶಾಲಾ ಮೇಷ್ಟ್ರು ತಮ್ಮ ರಜಾದಿನದ ಕಾರು ತಂದು, ಯಾವುದು ಹಾಕಿಸಲಿ ಎಂದು ಕೇಳಿದ್ದರು. ಹೆಂಡತಿ ತನ್ನದನ್ನು ಹೊಗಳಿದರು, ಗಂಡ ತನ್ನದನ್ನು. ಮಾತಿಗೆ ಮಾತು ಬೆಳೆದು ಗಂಡಹೆಂಡಿರು ಮೂರು ದಿನ ಮುಖ ತಿರುಗಿಸಿಕೊಂಡಿದ್ದರು. ಮೇಷ್ಟ್ರಿಗೆ ತಲೆ ಚಿಟ್ಟು ಹಿಡಿದು ಕಾರನ್ನು ಗುಜರಿಗೆ ಕೊಟ್ಟುಬಿಟ್ಟರು. ಕಾರ್ಬೊರೇಟರಿನಲ್ಲಿ ಪೆಟ್ರೋಲು ಹಾಯುವ ಹಿತ್ತಾಳೆ ಜೆಟ್ಟು ಹುಡುಕಲು ಗುಜರಿಗೆ ಹೋದ ಕಿವಿಯಕ್ಕ ಅದನ್ನು ಎರಡು ಹೋಳಾಗಿ ಕಂಡರು. ಅಂದು ಊಟ ಸೇರಲಿಲ್ಲ. ಅವತ್ತಿನಿಂದ ಯಾವ ಗಿರಾಕಿ ಬಂದರೂ ಕಾರ್ಬೊರೇಟರ್ ಪರವಾಗಿ ಮಾತಾಡುವವರು ಭಾವ, ಇಂಜೆಕ್ಷನ್ ಪರವಾಗಿ ಮಾತಾಡುವವರು ಕಿವಿಯಕ್ಕ. ತನ್ನ ಸಾಮಾನನ್ನು ತಾನು ಹೊಗಳುವ ಹಾಗಿಲ್ಲ. ಎದುರಾಳಿಯ ಒಳ್ಳೆಯದನ್ನು ಹುಡುಕಿ ಹುಡುಕಿ ಹೇಳಬೇಕಾದ್ದರಿಂದ ಇಬ್ಬರಿಗೂ ಇನ್ನೊಬ್ಬರ ಕಸುಬಿನ ಬಗ್ಗೆ ಈಗ ಒಂದು ಬಗೆಯ ಬೆರಗು ಹುಟ್ಟಿದೆ. ಭಾವ ಇಂಜೆಕ್ಟರನ್ನು ಗಾಜಿನ ಜಾಡಿಗೆ ಸಿಕ್ಕಿಸಿ ಪರೀಕ್ಷೆ ಮಾಡುವಾಗ ಕಿವಿಯಕ್ಕ ಕೈಲಿದ್ದ ಕೆಲಸ ಬಿಟ್ಟು ಬಂದು ನಿಲ್ಲುತ್ತಾರೆ. ಪೆಟ್ರೋಲು ಮಂಜಾಗಿ ಹರಡುವುದನ್ನು ಎಷ್ಟು ಸಲ ನೋಡಿದರೂ ಅವರಿಗೆ ಸಾಲದು.

ಕಿವಿಯಕ್ಕ ಈ ಕೆಲಸಕ್ಕೆ ಬಂದದ್ದು ಪೆಟ್ರೋಲ್ ಬಂಕಿನಿಂದ. ಹರೆಯದಲ್ಲಿ ಅಲ್ಲಿ ಪೆಟ್ರೋಲು ಹಾಕುತ್ತಿದ್ದರು. ಬಂದ ಗಾಡಿ ಆಫ್ ಆಗುವ ಮುಂಚಿನ ಕೊನೆಯ ನಾಲ್ಕು ಉಸಿರು ಕೇಳಿಸಿಕೊಂಡು, "ಇದು ಹಸ್ಕೊಂಡಿದೆ, ಇದು ಜಾಸ್ತಿ ಉಂಡಿದೆ," ಎಂದು ತಮ್ಮಷ್ಟಕ್ಕೆ ಗೊಣಗುವುದು ಅಭ್ಯಾಸ. ಒಬ್ಬ ಮುದಿ ಮೆಕ್ಯಾನಿಕ್ ಅದನ್ನು ಕೇಳಿ ಮೊದಲು ನಕ್ಕರು, ಆಮೇಲೆ ಪರೀಕ್ಷಿಸಿದರು, ಕೊನೆಗೆ ತಮ್ಮ ಗ್ಯಾರೇಜಿಗೇ ಕರೆದುಕೊಂಡು ಹೋದರು. ಮೊದಮೊದಲು ಬಂದವರೆಲ್ಲ "ಮೆಕ್ಯಾನಿಕ್ ಎಲ್ಲಿ?" ಎಂದು ಇವರನ್ನೇ ಕೇಳುತ್ತಿದ್ದರಂತೆ. "ಊಟಕ್ಕೆ ಹೋಗಿದ್ದಾರೆ ಅಂತಿದ್ದೆ. ಅವರು ಕಾಯೋ ಅಷ್ಟರಲ್ಲಿ ಗಾಡಿ ರಿಪೇರಿ ಮಾಡಿ ಕೊಡ್ತಿದ್ದೆ. ಆಮೇಲೆ ಊಟ ಆಯ್ತು ಅಂತಿದ್ದೆ," ಎಂದು ಈಗ ಹೇಳಿ ನಗುತ್ತಾರೆ. ಆಗ ನಗು ಬರುತ್ತಿರಲಿಲ್ಲವಂತೆ.

ಬೆರಳ ತುದಿಗಳು ಪೆಟ್ರೋಲಿಗೆ ಒಡೆದು ಬಿರುಕು ಬಿಟ್ಟಿವೆ. ಯಾವ ಸೋಪಿಗೂ ವಾಸನೆ ಹೋಗುವುದಿಲ್ಲ. ಒಂದು ಕಾಲಕ್ಕೆ ದಿನಕ್ಕೆ ಹತ್ತು ಹನ್ನೆರಡು ಕಾರ್ಬೊರೇಟರ್ ಬಿಚ್ಚಿ ಜೋಡಿಸುತ್ತಿದ್ದವರಿಗೆ ಈಗ ವಾರಕ್ಕೆ ಎರಡೋ ಮೂರೋ ಬಂದರೆ ಹೆಚ್ಚು, ಅವೂ ಹೆಚ್ಚಾಗಿ ವಾರಕ್ಕೊಮ್ಮೆ ಹೊರಗೆ ತೆಗೆಯುವ ಪ್ರೀತಿಯ ಹಳೇ ಕಾರುಗಳು. ಆದರೂ ಕಿವಿಯಕ್ಕನ ಕೈಯ ಕಾರು ಎಂದರೆ ಅದಕ್ಕೊಂದು ಗುರುತಿತ್ತು. ಕೆಲಸ ಮುಗಿದ ಮೇಲೆ ಓಡುತ್ತಿರುವ ಎಂಜಿನ್ ಮೇಲೆ ಗಾಜಿನ ಲೋಟದಲ್ಲಿ ನೀರು ತುಂಬಿ ಇಡುತ್ತಿದ್ದರು. ನೀರು ಅಲುಗಬಾರದು. ಅಲುಗಿದರೆ ಕಾರು ಅವತ್ತು ಶೆಡ್ಡಿನಿಂದ ಆಚೆ ಹೋಗುತ್ತಿರಲಿಲ್ಲ.

ಆ ಲೋಟವೇ ಸಂಕಟ ತಂದದ್ದು.

ನೀಲಿ ಕಾರಿನ ಯಜಮಾನರು ಕಬ್ಬಿಣ ಕಾಯಿಸಿ ಬಡಿಯುವ ಕಾರ್ಖಾನೆಯಲ್ಲಿ ದೊಡ್ಡ ಯಂತ್ರದ ಸುತ್ತಿಗೆ ನಡೆಸುತ್ತಿದ್ದವರು. ಎಲ್ಲರಿಗೂ ಸುತ್ತಿಗೆಯಣ್ಣ. ವರ್ಷಗಟ್ಟಲೆ ಆ ಬಡಿತದ ಪಕ್ಕದಲ್ಲೇ ನಿಂತು ಕಿವಿ ಸ್ವಲ್ಪ ಸ್ವಲ್ಪವಾಗಿ ಹೋಗಿ, ಈಗ ಏನೂ ಕೇಳಿಸುವುದಿಲ್ಲ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ತಮ್ಮ ದನಿ ತಮಗೆ ಕೇಳಿಸದ್ದರಿಂದ ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳಿಸುತ್ತದೆ. ಕೆಲಸದಿಂದ ಬಿಡುಗಡೆಯಾದ ಮೇಲೆ ಬಹುದಿನದ ಆಸೆಯಿಂದ ಈ ಕಾರು ಕೊಂಡರು. ವಾರವೆಲ್ಲ ಒರೆಸುವುದು, ಭಾನುವಾರ ಮಗಳ ಜತೆ ಕೆರೆಯ ತನಕ ಹೋಗಿ ಬರುವುದು. ಹೆಂಡತಿ ತೀರಿಕೊಂಡ ಮೇಲೆ ಅವರ ವಾರದಲ್ಲಿ ಕಾಯುವಂಥದ್ದು ಇದ್ದದ್ದು ಅದೊಂದೇ.

ಕೊಂಡಾಗ ಕಾರು ಗಡಗಡ ನಡುಗುತ್ತಿತ್ತು, ಸಿಗ್ನಲ್ಲಿನಲ್ಲಿ ಸುಮ್ಮನೆ ನಿಂತುಹೋಗುತ್ತಿತ್ತು. ಮಗಳು ಅದನ್ನು ಕಿವಿಯಕ್ಕನ ಹತ್ತಿರ ತಂದಳು. ಕಿವಿಯಕ್ಕ ತಮ್ಮ ಮನಸ್ಸಿಗೆ ಒಪ್ಪುವ ಹಾಗೆ ಕೆಲಸ ಮಾಡಿದರು. ಲೋಟದ ನೀರು ಕನ್ನಡಿಯಂತೆ ನಿಂತಿತು. ಕೆಲವೇ ತಿಂಗಳಲ್ಲಿ ಮಗಳು ಮತ್ತೆ ಬಂದಳು, ಈ ಸಲ ಅಪ್ಪನನ್ನೂ ಕರೆದುಕೊಂಡು. ಕಾರಿನ ಕೀ ಅವಳ ಬ್ಯಾಗಿನಲ್ಲಿತ್ತು.

"ಅಪ್ಪ ಎರಡು ಸ್ಟಾರ್ಟರ್ ಮೋಟಾರ್ ಮುರಿದು ಹಾಕಿದ್ರು, ಅಕ್ಕ," ಎಂದಳು. "ಎಂಜಿನ್ ಓಡ್ತಾ ಇರುತ್ತೆ. ಇವರಿಗೆ ಕೇಳ್ಸಲ್ಲ. ಇನ್ನೂ ಸ್ಟಾರ್ಟ್ ಆಗಿಲ್ಲ ಅಂದ್ಕೊಂಡು ಮತ್ತೆ ಕೀ ತಿರುಗಿಸ್ತಾರೆ. ಕರ್ರ್ ಅಂತ ಹಲ್ಲು ಹಲ್ಲು ಕಡಿಯುತ್ತೆ. ಮೊನ್ನೆ ರಸ್ತೆ ಮಧ್ಯೆ ಹೀಗೇ ಆಗಿ, ಹಿಂದೆ ಲಾರಿ ಹಾರ್ನ್ ಹೊಡೀತಾ ಇದೆ, ಇವರಿಗೆ ಅದೂ ಇಲ್ಲ. ಇಂಜೆಕ್ಷನ್ ಹಾಕ್ಸಿದ್ರೆ ಎಲ್ಲಾ ಅದೇ ನೋಡ್ಕೊಳ್ಳುತ್ತಂತಲ್ಲ, ಹಾಕ್ಬಿಡಿ. ಅದೂ ಆಗಲ್ಲ ಅಂದ್ರೆ ಕೀ ನನ್ನ ಹತ್ರನೇ ಇರುತ್ತೆ. ಕಾರು ಮಾರ್ತೀನಿ."

ಸುತ್ತಿಗೆಯಣ್ಣ ಮಗಳ ತುಟಿಯನ್ನೇ ನೋಡುತ್ತಿದ್ದರು. ಕೊನೆಯ ಮಾತಿಗೆ ಕಣ್ಣು ಕೆಳಗೆ ಹಾಕಿದರು.

ಕಟ್ಟಳೆಯಂತೆ ಕಿವಿಯಕ್ಕ ಇಂಜೆಕ್ಷನ್ ಪರ ನಿಂತರು. ಮನಸ್ಸಿಲ್ಲದ ಮನಸ್ಸಿನಿಂದಲ್ಲ, ನಿಜವಾಗಿಯೇ. "ವಾರವೆಲ್ಲ ನಿಂತ ಗಾಡಿ ಯಜಮಾನ್ರೇ, ಕಾರ್ಬೊರೇಟರಲ್ಲಿ ಪೆಟ್ರೋಲ್ ಆರಿ ಅಂಟು ಕಟ್ಟುತ್ತೆ. ಇಂಜೆಕ್ಷನ್‌ಗೆ ಆ ತಾಪತ್ರಯ ಕಮ್ಮಿ. ಚೋಕ್ ಎಳೆಯೋದಿಲ್ಲ, ಬಿಡೋದಿಲ್ಲ. ಚಳಿಯಾಗ್ಲಿ ಸೆಕೆಯಾಗ್ಲಿ, ಕೀ ತಿರುಗಿಸಿದ ಕೂಡ್ಲೇ ಏಳುತ್ತೆ. ಎಂಜಿನ್ ಎಷ್ಟು ನುಣ್ಣಗೆ ಓಡುತ್ತೆ ಅಂದ್ರೆ ಓಡೋದೇ ಗೊತ್ತಾಗಲ್ಲ."

ಭಾವ ಕಾರ್ಬೊರೇಟರ್ ಪರ ನಿಂತರು. "ನಿಮ್ಮದು ದಾರೀಲಿ ಕೈಕೊಟ್ರೆ ಒಂದು ಸ್ಕ್ರೂಡ್ರೈವರ್ ಸಾಕು. ನನ್ನದು ಕೈಕೊಟ್ರೆ ಲ್ಯಾಪ್‌ಟಾಪ್ ಬೇಕು, ಅದರ ಜತೆ ನಾನೂ ಬೇಕು. ಭಾನುವಾರ ಬೆಳಿಗ್ಗೆ ನಾನು ಹೊದ್ದು ಮಲಗಿರ್ತೀನಿ."

ಸುತ್ತಿಗೆಯಣ್ಣ ಶೆಡ್ಡು ನಡುಗುವ ದನಿಯಲ್ಲಿ ಹೇಳಿದರು: "ಇಬ್ರೂ ಚೆನ್ನಾಗಿ ಮಾತಾಡಿದ್ರಿ ಅಂತ ಕಾಣುತ್ತೆ. ನನಗೆ ಅರ್ಧ ಗೊತ್ತಾಯ್ತು. ಒಂದ್ಸಲ ಕೂತು ನೋಡ್ಲಾ?"

ಭಾವನ ಸ್ವಂತ ಹಳೇ ಕಾರು ಹೊರಗೇ ಇತ್ತು, ಇಂಜೆಕ್ಷನ್ ಹಾಕಿದ್ದು. ಭಾವ ಅದನ್ನು ಸ್ಟಾರ್ಟ್ ಮಾಡಿ, ಇಳಿದು, ಬಾಗಿಲು ಹಿಡಿದರು. ಸುತ್ತಿಗೆಯಣ್ಣ ಸೀಟಿನಲ್ಲಿ ಕೂತು ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟರು. ಸ್ವಲ್ಪ ಹೊತ್ತು ಕಾದರು. ಎಲ್ಲರ ಮುಖ ನೋಡಿದರು. ಸರಿ, ನಾನೇ ಶುರು ಮಾಡಬೇಕು ಅಂದುಕೊಂಡು ಕೀ ತಿರುಗಿಸಿದರು.

ಕರ್ರ್ ಎನ್ನುವ ಸದ್ದಿಗೆ ಮಗಳು ಕಣ್ಣು ಮುಚ್ಚಿಕೊಂಡಳು. ಆ ಸದ್ದು ಕೇಳಿಸದೆ ಇದ್ದವರು ಅವರೊಬ್ಬರೇ. ಎಲ್ಲರ ಮುಖ ನೋಡಿ ತಿಳಿದುಕೊಂಡು, ಕೀ ಬಿಟ್ಟು, ಮೆಲ್ಲಗೆ ಇಳಿದರು. ಅವರು ಮೆಲ್ಲನೆ ಮಾತಾಡಿದ್ದನ್ನು ಮಗಳು ಎಷ್ಟೋ ವರ್ಷಗಳ ಮೇಲೆ ಕೇಳಿದ್ದಂತೆ.

"ಓಡ್ತಾ ಇತ್ತಾ?"

ಮಗಳು ಹೌದೆಂದು ತಲೆಯಾಡಿಸಿದಳು. ಅವರು ಮುಂದುವರಿಸಿದರು. "ನಮ್ಮ ನೀಲಿ ತಂದ ಹೊಸದರಲ್ಲಿ ಹೀಗಿರ್ಲಿಲ್ಲ. ಕೂತ್ರೆ ಸಾಕು, ನನ್ನ ಜತೆ ಮಾತಾಡ್ತಿತ್ತು. ಎದ್ದಿದ್ದು, ಸುಸ್ತಾಗಿದ್ದು, ಎಲ್ಲಾ ಹೇಳ್ತಿತ್ತು. ಇಲ್ಲಿ ರಿಪೇರಿ ಮಾಡ್ಸಿದ ಮೇಲೆ ಬಾಯಿ ಮುಚ್ಕೊಂಡ್ತು."

ಕಿವಿಯಕ್ಕ ಕಪಾಟಿನ ಮೇಲಿದ್ದ ಗಾಜಿನ ಲೋಟದ ಕಡೆ ನೋಡಿದರು. ಇಡೀ ಜೀವಮಾನದ ಹೆಮ್ಮೆ ಆ ಲೋಟದಲ್ಲಿತ್ತು. ನೀರು ಅಲುಗದ ಹಾಗೆ ಅವರು ಹದ ಮಾಡಿದ ಎಂಜಿನ್ನು ಕಿವಿ ಇಲ್ಲದ ಈ ಮನುಷ್ಯನ ಪಾಲಿಗೆ ಸತ್ತುಹೋಗಿತ್ತು. ನಡುಕ ಅವರಿಗೆ ತಿಳಿಯುತ್ತಿದ್ದ ಒಂದೇ ಭಾಷೆ, ಅದನ್ನು ಇವರು ಕಷ್ಟಪಟ್ಟು, ಶ್ರದ್ಧೆಯಿಂದ ಅಳಿಸಿ ಕೊಟ್ಟಿದ್ದರು. ಇಂಜೆಕ್ಷನ್ ಹಾಕಿದರೆ ಅದು ಇನ್ನೂ ಪೂರ್ತಿಯಾಗುತ್ತಿತ್ತು.

ಅವರು ಸುತ್ತಿಗೆಯಣ್ಣನ ಎದುರಿಗೆ ಬಂದು ನಿಂತು, ತುಟಿ ಬಿಡಿಸಿ ಬಿಡಿಸಿ ಹೇಳಿದರು. "ತಪ್ಪು ಕಾರ್ಬೊರೇಟರ್‌ದಲ್ಲ ಯಜಮಾನ್ರೇ, ನಿಮ್ಮದೂ ಅಲ್ಲ. ನಾನು ನನ್ನ ಕಿವಿಗೆ ಸರಿ ಮಾಡ್ಕೊಂಡೆ. ಓಡ್ಸೋರು ನೀವು ಅನ್ನೋದು ಮರೆತೆ." ಹಾಗೆಂದು ತಮ್ಮ ಪುಟ್ಟ ಸ್ಕ್ರೂಡ್ರೈವರನ್ನು ಅವರ ಕೈಗಿಟ್ಟರು. ಅದನ್ನು ಮುಟ್ಟಲು ಭಾವನಿಗೂ ಅಪ್ಪಣೆ ಇರಲಿಲ್ಲ. ಭಾವನ ಹುಬ್ಬು ಮೇಲೇರಿತು.

ಮುಂದೆ ನಡೆದದ್ದನ್ನು ಹೇಳುವಾಗ ಕಿವಿಯಕ್ಕ ಈಗಲೂ ದನಿ ತಗ್ಗಿಸುತ್ತಾರೆ. ಸುತ್ತಿಗೆಯಣ್ಣ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ನಿಂತರು. ಸೊಂಟವನ್ನು ಓಡುತ್ತಿರುವ ನೀಲಿ ಕಾರಿಗೆ ಆನಿಸಿ, ಮಡ್‌ಗಾರ್ಡ್ ಮೇಲೆ ಅಂಗೈ ಊರಿದರು. ಮೈಯೆಲ್ಲ ಕಿವಿಯಾಗಿ ಎಂದು ನಾವು ಸುಮ್ಮನೆ ಆಡುವ ಮಾತಿದೆಯಲ್ಲ, ಅದನ್ನು ಕಿವಿಯಕ್ಕ ಕಣ್ಣಾರೆ ಕಂಡದ್ದು ಅವತ್ತೇ. ಸ್ಕ್ರೂ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು. ಹೋಗಿ ಸೀಟಿನಲ್ಲಿ ಕೂತು ಬಂದರು. ಮತ್ತೆ ಒಂದಿಷ್ಟು. ರಬ್ಬರ್ ಪೈಪು ಕಿವಿಗಿಟ್ಟುಕೊಂಡಿದ್ದ ಕಿವಿಯಕ್ಕ ಎಂಜಿನ್ ಎಲ್ಲಿ ಎಡವುತ್ತದೋ ಎಂದು ಕಾದರು. ಎಡವಲಿಲ್ಲ. ಒಂದು ಕಡೆ ಬಂದು ನಿಂತಿತು. ಇವರು ಇಡುವ ಜಾಗವಲ್ಲ ಅದು; ಕೊಂಚ ಒರಟು, ಆದರೆ ಒಂದು ಬಡಿತವೂ ಹೆಚ್ಚುಕಮ್ಮಿ ಇಲ್ಲ. ಆಮೇಲೆ ಸ್ಪಾರ್ಕ್ ಪ್ಲಗ್ಗು ಬಿಚ್ಚಿ ನೋಡಿದರೆ ಮಸಿ ಇಲ್ಲ, ಬಿಳಿಚಿಕೊಂಡಿಲ್ಲ, ಹದವಾದ ಕಂದು ಬಣ್ಣ. ಪೆಟ್ರೋಲು ಸರಿಯಾಗಿ ಉರಿಯುತ್ತಿದೆ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ.

"ಇಷ್ಟು ವರ್ಷ ಕಿವಿ ಇಟ್ಕೊಂಡು ನಾನು ಹುಡುಕ್ತಿದ್ದದ್ದು, ಅವರು ಕೈಯಲ್ಲಿ ಹುಡುಕಿದ್ರು," ಎನ್ನುತ್ತಾರೆ ಕಿವಿಯಕ್ಕ. "ಮೈ ಜುಂ ಅಂತು ನನಗೆ."

ಹೇಗೆ ಎಂದು ಕೇಳಿದಾಗ ಸುತ್ತಿಗೆಯಣ್ಣನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕಬ್ಬಿಣ ಸರಿಯಾಗಿ ಕಾದಿದ್ರೆ ಸುತ್ತಿಗೆ ಬಿದ್ದಾಗ ನೆಲ ಒಂಥರ ಅದುರುತ್ತೆ. ಆರಿದ್ರೆ ಇನ್ನೊಂಥರ. ಕಿವಿ ಹೋದ ಮೇಲೂ ನಾನು ಎಷ್ಟೋ ವರ್ಷ ಕೆಲಸ ಮಾಡ್ದೆ. ಪಕ್ಕದಲ್ಲಿದ್ದೋರಿಗೂ ಗೊತ್ತಾಗ್ಲಿಲ್ಲ. ಕಾಲು ಹೇಳ್ತಿತ್ತಲ್ಲ!"

ಮಗಳಿಗೆ ಇನ್ನೂ ಧೈರ್ಯ ಸಾಲದು. ಇಂಜೆಕ್ಷನ್ನಿಗೂ ಹೀಗೇ ನಡುಕ ಕೊಡಲಾಗುವುದಿಲ್ಲವೇ ಎಂದು ಭಾವನನ್ನು ಕೇಳಿದಳು. "ಕೊಡಬಹುದಮ್ಮ. ಆದ್ರೆ ನನ್ನ ಕಂಪ್ಯೂಟರ್ ಡಬ್ಬಿ ತನಗೆ ತಾನೇ ಮತ್ತೆ ನುಣ್ಣಗೆ ಮಾಡ್ಕೊಳ್ಳುತ್ತೆ, ಅದರ ಹುಟ್ಟುಗುಣ. ಅದೂ ಅಲ್ದೆ, ಅಲ್ಲಿ ಅಪ್ಪನ ಕೈಗೆ ತಿರುಗಿಸೋಕೆ ಏನಿದೆ ಹೇಳು?" ಎಂದರು ಭಾವ. ಎಂಜಿನ್ ಓಡುವಾಗ ಹೊತ್ತಿಕೊಳ್ಳುವ ಒಂದು ಹಸಿರು ದೀಪವನ್ನು ಸ್ಟಿಯರಿಂಗ್ ಹಿಂದೆ ಕೂರಿಸಿ ಕೊಟ್ಟರು, ಮಗಳ ಸಮಾಧಾನಕ್ಕೆ. ಅವಳು ಅಪ್ಪನನ್ನು ಕೂರಿಸಿ, ಹಸಿರು ದೀಪದ ಮೇಲೆ ತನ್ನ ಅಂಗೈ ಮುಚ್ಚಿಟ್ಟು, ಸ್ಟಾರ್ಟ್ ಮಾಡಿ ಎಂದಳು. ಎಂಜಿನ್ ಹತ್ತಿಕೊಂಡ ಗಳಿಗೆಗೆ ಸರಿಯಾಗಿ ಅವರ ಬೆರಳು ಕೀ ಬಿಟ್ಟಿತು. ಆರಿಸಿ ಮತ್ತೆ ಮಾಡಿಸಿದಳು. ಮತ್ತೆ ಹಾಗೇ. ರೂಢಿಯಂತೆ ಕೀಗಾಗಿ ಕೈ ಚಾಚಿದಳು, ಅವರು ಮರುಮಾತಿಲ್ಲದೆ ಕೊಟ್ಟರು. ಅವಳು ಅದನ್ನು ಒಂದು ಕ್ಷಣ ಹಿಡಿದುಕೊಂಡಿದ್ದು, ಬ್ಯಾಗಿಗೆ ಹಾಕದೆ ಅಪ್ಪನ ಶರ್ಟಿನ ಜೇಬಿಗೆ ಇಳಿಬಿಟ್ಟಳು. ಕಣ್ಣೊರೆಸಿಕೊಂಡಳು. ಅವರು ಜೇಬಿನ ಮೇಲೆ ಕೈಯಿಟ್ಟುಕೊಂಡೇ ಮನೆಗೆ ಹೋದರಂತೆ.

ಅವತ್ತಿನಿಂದ ನೀಲಿ ಕಾರು ಶನಿವಾರ ಸಂಜೆ ಶೆಡ್ಡಿಗೆ ಬರುತ್ತದೆ, ರಾತ್ರಿ ಇಲ್ಲೇ ಮಲಗುತ್ತದೆ. ಸ್ಕ್ರೂವನ್ನು ಬೇಕೆಂದೇ ಸಡಿಲಿಸಿಟ್ಟು, ಭಾನುವಾರ ಬೆಳಿಗ್ಗೆ ಕಿವಿಯಕ್ಕ ಹತ್ತಿ ತುಂಬಿಕೊಂಡು, ಕೈಯಲ್ಲೇ ಹದ ಹುಡುಕುತ್ತಾರೆ. ಸುತ್ತಿಗೆಯಣ್ಣ ಬಂದು ಅಂಗೈ ಊರಿ ನೋಡುತ್ತಾರೆ, ತಲೆಯಾಡಿಸುತ್ತಾರೆ, ಸ್ಕ್ರೂಡ್ರೈವರ್ ಕೇಳಿ ಪಡೆದು ತಪ್ಪು ತಿದ್ದುತ್ತಾರೆ. ಮೊದಲ ವಾರ ಅರ್ಧ ಸುತ್ತು ತಿದ್ದಿದ್ದರು. "ಈ ವಯಸ್ಸಲ್ಲಿ ಬೈಸ್ಕೊಳ್ಳೋಕೆ ಇಷ್ಟು ಬೇಗ ಎದ್ದು ಬರ್ತಾಳೆ ನೋಡಿ," ಎಂದು ಭಾವ ರೇಗಿಸುತ್ತಾರೆ. ಭಾನುವಾರ ಹೊದ್ದು ಮಲಗಿರ್ತೀನಿ ಎಂದಿದ್ದ ಮಹಾನುಭಾವರು ಅದೇ ಗಾಜಿನ ಲೋಟದಲ್ಲಿ ಚಹಾ ಹಿಡಿದು ಷಟರಿನ ಹತ್ತಿರ ನಿಂತಿರುತ್ತಾರೆ.

ಇವತ್ತೂ ನಿಂತಿದ್ದಾರೆ. ಬೆಳಕು ಹರಿದಿದೆ. ಅಪ್ಪ ಮಗಳು ಬಂದಿದ್ದಾರೆ. ಕಿವಿಯಕ್ಕ ಎದ್ದು ಒಂದು ಹೆಜ್ಜೆ ಹಿಂದೆ ಸರಿದು, ಸ್ಕ್ರೂಡ್ರೈವರ್ ಚಾಚಿ ಕಾಯುತ್ತಾರೆ. ಸುತ್ತಿಗೆಯಣ್ಣ ಚಪ್ಪಲಿ ಬಿಡುತ್ತಾರೆ, ಅಂಗೈ ಊರುತ್ತಾರೆ. ಕಣ್ಣು ಮುಚ್ಚುತ್ತಾರೆ. ಬಹಳ ಹೊತ್ತು ಹಾಗೇ ನಿಂತಿರುತ್ತಾರೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಚಾಚಿದ ಸ್ಕ್ರೂಡ್ರೈವರನ್ನು ದಾಟಿ ಹೋಗಿ ಸೀಟಿನಲ್ಲಿ ಕೂರುತ್ತಾರೆ. ಮಗಳು ಆಚೆ ಬಾಗಿಲಿನಿಂದ ಹತ್ತಿ ಕೂರುತ್ತಾಳೆ. ಎಂಜಿನ್ ಓಡುತ್ತಲೇ ಇದೆ. ಕೀ ಕಡೆಗೆ ಅವರ ಕೈ ಹೋಗುವುದಿಲ್ಲ. ನೀಲಿ ಕಾರು ನಿಧಾನವಾಗಿ ಬೀದಿಗಿಳಿದು ಕೆರೆಯ ದಾರಿ ಹಿಡಿಯುತ್ತದೆ.

ಕಿವಿಯಕ್ಕ ತಲೆಯ ಬಟ್ಟೆ ಬಿಚ್ಚಿ, ಹತ್ತಿ ತೆಗೆಯುತ್ತಾರೆ. ದೂರವಾಗುತ್ತಿರುವ ಸದ್ದನ್ನು ಕೇಳಿಸಿಕೊಳ್ಳುತ್ತಾರೆ.

"ನನ್ನ ಕಿವಿಗೆ ಇದು ಈಗ್ಲೂ ತಪ್ಪೇ," ಎನ್ನುತ್ತಾರೆ. ಭಾವನ ಕೈಯಿಂದ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿಯುತ್ತಾರೆ. ಆಮೇಲೆ, ಸ್ಕ್ರೂಡ್ರೈವರನ್ನು ಶರ್ಟಿನ ಜೇಬಿಗೆ ಸಿಕ್ಕಿಸುತ್ತ:

"ರೀ, ಇವತ್ತು ಅವರು ಸ್ಕ್ರೂ ಮುಟ್ಲಿಲ್ಲ."